ಅದೇ ತೂತು

ಕಂಡಕ್ಟರ್ ತಿಪ್ಪೇಸ್ವಾಮಿಯ ಕೈಕಾಲು ಸಣ್ಣ. ತಿಂದದ್ದೆಲ್ಲ ಸೇರುವುದು ಹೊಟ್ಟೆಗೆ. ಅದನ್ನು ಕರಗಿಸಲು ಅವನು ಯುಗಾದಿಯಿಂದ ಬೆಳಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದ, ರಾತ್ರಿ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದ. ಒಂದು ದಿನ ಅವನು ಸ್ನಾನ ಮುಗಿಸಿ ಬಂದಾಗ, ಮೊಳೆಗೆ ನೇತುಹಾಕಿದ್ದ ಬೆಲ್ಟು ಅವನ ಸೊಂಟದ ಉಡಿದಾರಕ್ಕೆ ಹೇಳಿತು:

"ಈ ಮನುಷ್ಯನ ಕಷ್ಟ ನೋಡಲಾಗದು. ಕೆನ್ನೆ ಇಳಿಯಿತು, ಕತ್ತು ಸಣ್ಣಗಾಯಿತು, ಹೊಟ್ಟೆ ಮಾತ್ರ ಹಾಗೇ ಇದೆ. ಯುಗಾದಿಯ ದಿನ ನನ್ನನ್ನು ಯಾವ ತೂತಿಗೆ ಬಿಗಿದನೋ ಇಂದಿಗೂ ಅದೇ ತೂತು. ಇನ್ನು ಬಿಟ್ಟುಬಿಡಲಿ."

"ಆ ದಿನ ಬಿಗಿಯುವಾಗ ಅವನು ಏನು ಮಾಡಿದ?" ಎಂದು ಉಡಿದಾರ ಕೇಳಿತು.

"ಉಸಿರು ಕಟ್ಟಿ ಹೊಟ್ಟೆಯನ್ನು ಒಳಗೆಳೆದುಕೊಂಡ."

"ಹಾಗಾದರೆ ನೀನು ಕಂಡದ್ದು ಎಳೆದುಕೊಂಡ ಹೊಟ್ಟೆಯನ್ನು. ನಾನು ಅವನು ಉಂಡಾಗಲೂ ಮಲಗಿದಾಗಲೂ ಮೈಮೇಲೇ ಇರುತ್ತೇನೆ. ಆಗ ಚರ್ಮದೊಳಗೆ ಹೂತುಹೋಗಿದ್ದೆ. ಈಗ ಅವನು ಹೊರಳಿದರೆ ನಾನೂ ಜಾರುತ್ತೇನೆ. ಹೊಟ್ಟೆ ಇಳಿದದ್ದನ್ನು ಒಬ್ಬರೂ ಗುರುತಿಸಲಿಲ್ಲ, ಆದರೂ ಅವನು ನಡೆಯುವುದನ್ನು ತಪ್ಪಿಸಲಿಲ್ಲ. ಅಂಥವನ ಸೊಂಟದಲ್ಲಿರುವುದು ನನಗೆ ಹೆಮ್ಮೆ. ಇವತ್ತು ನೀನೇ ಗಮನಿಸು."

ತಿಪ್ಪೇಸ್ವಾಮಿ ಪ್ಯಾಂಟು ತೊಟ್ಟು ಬೆಲ್ಟನ್ನು ಸುತ್ತಿಕೊಂಡ. ಬಕಲ್ಲಿನ ಕಡ್ಡಿ ಅದೇ ತೂತಿನತ್ತ ಹೋಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, ಬುತ್ತಿಗೆ ಎಷ್ಟು ರೊಟ್ಟಿ ಇಡಲಿ ಎಂದು ಕೇಳಿದಳು.

"ಎರಡೇ ಸಾಕು ಕಮಲಾಕ್ಷಿ, ಪಲ್ಯ ಜಾಸ್ತಿ ಹಾಕು," ಎನ್ನುತ್ತಲೇ ಅವನು ಬೆಲ್ಟನ್ನು ಅದೇ ತೂತಿಗೆ ಬಿಗಿದ.

ಬಿಗಿಯುವಾಗ ಅವನು ಮಾತಾಡಿದ್ದನ್ನು ಬೆಲ್ಟು ಹಿಂದೆಂದೂ ಕೇಳಿರಲಿಲ್ಲ.