ಕಸದ ಡಬ್ಬಿಗೆ ಬಿದ್ದ ತಟ್ಟೆ

“ಬುದ್ಧೀ, ದಾಸೋಹದ ಅಡುಗೆಮನೆಯಲ್ಲಿ ಯಾರೋ ಒಬ್ಬ ತುಪ್ಪ ಕದಿಯುತ್ತಿದ್ದಾನೆ. ಯಾರೆಂದು ತಿಳಿಯುತ್ತಿಲ್ಲ. ಅಲ್ಲಿ ಕೆಲಸ ಮಾಡುವ ಹನ್ನೆರಡು ಜನರನ್ನೂ ಮನೆಗೆ ಕಳಿಸಿಬಿಡಲೇ?” ಎಂದು ಮಠದ ಉಸ್ತುವಾರಿ ನೋಡುತ್ತಿದ್ದ ಶಿಷ್ಯ ಗುರುಲಿಂಗ ಕೇಳಿದ.

“ಭಲೇ! ಒಳ್ಳೇ ಸುಲಭದ ದಾರಿ ಹಿಡಿದೆಯಪ್ಪಾ. ಕೂತುಕೋ” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕಂಬಳಿ ನೇಯುವವನಿದ್ದ. ಅವನಿಗೆ ಕರುಳಿನ ಸೋಂಕು ತಗುಲಿತು. ದಿನಕ್ಕೆ ಹತ್ತು ಸಲ ಭೇದಿ. ಆಸ್ಪತ್ರೆಯಲ್ಲಿ ಜೋರಾದ ಆ್ಯಂಟಿಬಯಾಟಿಕ್ ಕೊಟ್ಟರು. ಭೇದಿ ನಿಂತಿತು, ಮಗ್ಗಕ್ಕೆ ಕೂತ. ಮೂರು ವಾರಕ್ಕೆ ಮತ್ತೆ ಮಲಗಿದ. ಹೀಗೆ ನಾಲ್ಕು ಸಲವಾಯಿತು. ಆ ಮಾತ್ರೆ ಕೆಟ್ಟ ಕ್ರಿಮಿಯ ಜೊತೆಗೆ ಅದನ್ನು ತಡೆಯುವ ಒಳ್ಳೆಯ ಕ್ರಿಮಿಗಳನ್ನೂ ಕೊಲ್ಲುತ್ತಿತ್ತು. ಅಳಿದುಳಿದ ಕೆಟ್ಟದ್ದು ಖಾಲಿ ಜಾಗದಲ್ಲಿ ಮತ್ತೆ ಹಬ್ಬುತ್ತಿತ್ತು. ಮನುಷ್ಯ ಮೂಳೆ ಚಕ್ಕಳವಾದ. ಇನ್ನೊಂದು ಸಲ ಬಂದರೆ ಉಳಿಯುವುದು ಕಷ್ಟ ಎಂದರು.

ಇವನು ಮಲಗುವುದಕ್ಕೆ ಎಷ್ಟೋ ವರ್ಷ ಮೊದಲೇ, ಇಂಥವರನ್ನು ನೋಡಿ ನೋಡಿ ಸಂಕಟಪಟ್ಟಿದ್ದ ಅದೇ ಆಸ್ಪತ್ರೆಯ ವೈದ್ಯೆಯೊಬ್ಬಳು ಆ ಒಂದು ಕ್ರಿಮಿಗೆ ಮಾತ್ರ ತಾಗುವ ಮದ್ದನ್ನು ಹುಡುಕುತ್ತಾ ಹನ್ನೊಂದು ವರ್ಷ ಕಳೆದಿದ್ದಳು. ಮದ್ದು ಬೆರೆಸಿದ ಗಾಜಿನ ತಟ್ಟೆಯಲ್ಲಿ ಹೊಟ್ಟೆಯ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟು, ಯಾವುದು ಬೆಳೆಯಿತು, ಯಾವುದು ಸತ್ತಿತು ಎಂದು ನೋಡುವುದು ಅವಳ ಕೆಲಸ. ಒಂದು ಬೆಳಿಗ್ಗೆ ಅವಳ ಸಹಾಯಕ ಒಂದು ತಟ್ಟೆಯನ್ನು ಕಸದ ಡಬ್ಬಿಗೆ ಹಾಕಿದ.

“ಈ ಮದ್ದು ದಂಡ ಮೇಡಂ. ತಟ್ಟೆ ತುಂಬಾ ಬೆಳೆದುಬಿಟ್ಟಿವೆ” ಎಂದ.

ಅವಳಿಗೆ ಸಮಾಧಾನವಾಗಲಿಲ್ಲ. ತಟ್ಟೆಯನ್ನು ಡಬ್ಬಿಯಿಂದ ಎತ್ತಿ ಒಂದೊಂದೇ ಚುಕ್ಕೆ ಎಣಿಸಿದಳು. ಹತ್ತೊಂಬತ್ತು ಇದ್ದವು. ಇಲ್ಲದ್ದು ಒಂದೇ, ಅವಳು ಹುಡುಕುತ್ತಿದ್ದ ಆ ಕೆಟ್ಟ ಕ್ರಿಮಿ.

“ಅಯ್ಯೋ ಮಹರಾಯ, ಎಂಥದ್ದನ್ನು ಎಸೆದಿದ್ದೆ!” ಎಂದವಳಿಗೆ ಕಣ್ಣೀರು ತಡೆಯಲಾಗಲಿಲ್ಲ.

ಆ ಮದ್ದು ಎಲ್ಲ ಪರೀಕ್ಷೆಗಳನ್ನು ದಾಟಿ ಮಾತ್ರೆಯಾಗಿ ಬರುವ ಹೊತ್ತಿಗೆ ನೇಕಾರ ಐದನೇ ಸಲ ಮಲಗಿದ್ದ. ಹತ್ತು ದಿನ ಮಾತ್ರೆ ನುಂಗಿದ. ಭೇದಿ ನಿಂತಿತು. ಮೂರು ವಾರ ಕಳೆಯಿತು, ಬರಲಿಲ್ಲ. ಆರು ವಾರ ಕಳೆಯಿತು, ಬರಲಿಲ್ಲ. ಎಂಟನೇ ವಾರ ತಾನೇ ನೇಯ್ದ ಹೊಸ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ನಡೆದೇ ಬಂದ. ಅದನ್ನು ಆ ವೈದ್ಯೆಗೆ ಹೊದಿಸಿ ಹೋದ.

“ಎಂಥ ತಾಯಿ ಬುದ್ಧೀ!” ಎಂದು ಗುರುಲಿಂಗ ಕೈಮುಗಿದ.

“ಆ ತಾಯಿ ಒಂದನ್ನು ಹಿಡಿಯಲು ಹನ್ನೊಂದು ವರ್ಷ ಕೂತಳು, ನೀನು ಆ ತುಪ್ಪದ ಗಡಿಗೆಯ ಹತ್ತಿರ ಒಂದು ದಿನವಾದರೂ ಕೂತಿದ್ದೀಯಾ?”