ಮಡಕೆಯೊಳಗಿನ ಸಪ್ತರ್ಷಿಗಳು

“ಗುರುಗಳೇ, ಮಕ್ಕಳೊಡನೆ ಆಟಕ್ಕೆ ಕುಳಿತರೆ ಕಲಿಸುವವನ ಮರ್ಯಾದೆ ಉಳಿಯುತ್ತದೆಯೇ?” ಎಂದು ಶಿಷ್ಯ ಕೇಳಿದ. ಮಠದ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಅವನ ಪಾಲಿಗೆ ಹೊಸದಾಗಿ ಬಂದಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜೋಯಿಸನಿದ್ದ. ಪಂಚಾಂಗ ಗುಣಿಸುವುದರಲ್ಲಿ ಎತ್ತಿದ ಕೈ. ಅವನಿಗೆ ಒಬ್ಬಳೇ ಮಗಳು. ತನ್ನ ವಿದ್ಯೆ ಅವಳಿಗೆ ದಾಟಬೇಕೆಂಬುದೊಂದೇ ಅವನ ಆಸೆ. ದಿನಾ ಬೆಳಿಗ್ಗೆ ಕೂರಿಸಿಕೊಂಡು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಬಾಯಿಪಾಠ ಮಾಡಿಸಿದ. ರೋಹಿಣಿಯ ಹೊತ್ತಿಗೆ ಹುಡುಗಿ ಆಕಳಿಸುತ್ತಿದ್ದಳು. ಬರಬರುತ್ತ ಅಪ್ಪನ ಕೆಮ್ಮು ಕೇಳಿದರೆ ಸಾಕು, ಹಿತ್ತಿಲಿಗೆ ಓಡಿಬಿಡುತ್ತಿದ್ದಳು. ವಿದ್ಯೆ ತನ್ನ ಕಾಲಕ್ಕೇ ಮುಗಿಯಿತೇನೋ ಎಂದು ಜೋಯಿಸನಿಗೆ ದಿಗಿಲಾಯಿತು.

ಆಷಾಢದಲ್ಲಿ ಒಂದು ದಿನ ಅವಳನ್ನು ಹುಡುಕುತ್ತ ಹಿತ್ತಿಲಿಗೆ ಹೋದ. ಮಗಳು ಜಗಲಿಯ ಮೇಲೆ ಹುಣಸೆ ಬೀಜ ಜೋಡಿಸುತ್ತ ಕುಳಿತಿದ್ದಳು. ಬಗ್ಗಿ ನೋಡಿದರೆ ಸಪ್ತರ್ಷಿ ಮಂಡಲ. ಒಂದು ಬೀಜವೂ ಆಚೀಚೆಯಾಗಿರಲಿಲ್ಲ.

“ಇದೇನೇ?”

“ಸೌಟು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದಾಗ ಕಾಣುತ್ತಿತ್ತಲ್ಲ ಅಪ್ಪ. ಈಗ ಬರೀ ಮೋಡ. ಅದಕ್ಕೇ ಇಲ್ಲಿಗೆ ಇಳಿಸಿದ್ದೇನೆ.”

ಜೋಯಿಸ ಅಲ್ಲಿಂದಲೇ ಹೊರಟ. ಕುಂಬಾರನ ಮನೆಗೆ ಹೋಗಿ ಅಗಲ ಬಾಯಿಯ ಎರಡು ಹಸಿ ಮಡಕೆ ತಂದ. ಒಂದರ ತಳಕ್ಕೆ, ಅಳೆದು ನೋಡಿ ಅಳೆದು ನೋಡಿ, ದಬ್ಬಳದಿಂದ ಏಳು ತೂತು ಚುಚ್ಚಿದ. ಮುಸ್ಸಂಜೆಗೆ ನಡುಮನೆಯ ಬಾಗಿಲು ಮುಚ್ಚಿ, ಹಣತೆ ಹಚ್ಚಿ, ಅದರ ಮೇಲೆ ಮಡಕೆಯನ್ನು ಬೋರಲು ಹಾಕಿದ. ಸುಣ್ಣ ಬಳಿದ ಸೂರಿನಲ್ಲಿ ಏಳು ಬೆಳಕು ಮೂಡಿದವು.

ಮಗಳು ಚಾಪೆಯ ಮೇಲೆ ಅಂಗಾತ ಮಲಗಿ ನೋಡಿದಳು. ಕಿಸಕ್ಕನೆ ನಕ್ಕಳು.

“ಇದು ಎಡಚರ ಸೌಟು ಅಪ್ಪ. ಹಿಡಿ ಆ ಕಡೆಗೆ ತಿರುಗಿಬಿಟ್ಟಿದೆ.”

“ಸುಮ್ಮನಿರು. ಪಂಚಾಂಗ ಗುಣಿಸುವವನು ನಾನೋ ನೀನೋ?”

ಜೋಯಿಸ ಮಡಕೆಯನ್ನು ನೋಡಿದ. ಸರಿಯಾಗಿಯೇ ಇತ್ತು. ಮಗಳ ನಗು ನಿಂತುಹೋಗಿತ್ತು. ಅವಳು ಬಾಗಿಲಿನ ಕಡೆ ನೋಡುತ್ತಿದ್ದಳು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಮಗಳ ಮಾತನ್ನೂ ಒಂದಿಷ್ಟು ಕೇಳಿ ಅಂದ್ರೆ. ಇಲ್ಲದಿದ್ದರೆ ನಾಳೆ ಅವಳು ಓಡುವುದು ಹಿತ್ತಿಲಿಗಲ್ಲ, ನನ್ನ ತವರಿಗೆ.”

ಜೋಯಿಸ ಒಂದು ಗಳಿಗೆ ನಿಂತ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದಿಟ್ಟು, ಮಗಳ ಪಕ್ಕದಲ್ಲಿ ಅಂಗಾತ ಮಲಗಿದ. ಹಿಡಿ ನಿಜವಾಗಿಯೂ ಆ ಕಡೆಗಿತ್ತು. ನಾವು ಆಕಾಶವನ್ನು ನೋಡುವುದು ಅದರ ಒಳಗಿದ್ದುಕೊಂಡು. ತಾನು ಚುಚ್ಚಿದ್ದು ಮಡಕೆಯ ಹೊರಗೆ ಕುಳಿತು; ಎಡಬಲ ಅದಲುಬದಲಾಗಿತ್ತು. ಅದು ಹೊಳೆದದ್ದೇ ತಡ, ಅವನಿಗೆ ನಗು ಬಂತು. ಹೊಟ್ಟೆ ಕುಲುಕುವಂತೆ ನಕ್ಕ. ಏನಾಯಿತೋ ಎಂದು ಹೆಂಡತಿ ಸಾರಿನ ಸೌಟು ಹಿಡಿದೇ ಓಡಿಬಂದಳು. ಅದನ್ನು ಕಂಡು ಅಪ್ಪ ಮಗಳು ಇನ್ನಷ್ಟು ನಕ್ಕರು.

ಮಗಳು ಎದ್ದು ಇನ್ನೊಂದು ಮಡಕೆಯೊಳಗೆ ತಲೆ ತೂರಿಸಿದಳು. ಒಳಗಿನಿಂದ ಏಳು ಗುರುತು ಗೀರಿ, ಮೂಗಿಗೆಲ್ಲ ಮಣ್ಣು ಮೆತ್ತಿಕೊಂಡು ಹೊರಬಂದಳು. ಅಪ್ಪ ಗುರುತಿದ್ದಲ್ಲಿ ಚುಚ್ಚಿಕೊಟ್ಟ. ಈ ಸಲ ಸೂರಿನಲ್ಲಿ ಸೌಟು ಸರಿಯಾಗಿ ಮೂಡಿತು.

“ನಾಳೆ ಕೃತ್ತಿಕೆಯನ್ನು ಚುಚ್ಚೋಣ. ಅದು ಹೇಗಿರುತ್ತದೆ ಅಪ್ಪ?” ಎಂದು ಕೇಳಿದಳು.

ಆ ಮಳೆಗಾಲವಿಡೀ ಕುಂಬಾರನಿಗೆ ಬಿಡುವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಮಗಳೆದುರು ತಪ್ಪು ಸಿಕ್ಕಿಬಿದ್ದಾಗ ಜೋಯಿಸ ತಲೆ ತಗ್ಗಿಸಬೇಕಾಯಿತಲ್ಲವೇ?” ಎಂದ.

“ಅಂಗಾತ ಮಲಗಿ ನಕ್ಷತ್ರ ನೋಡುತ್ತಿರುವವನು ತಲೆ ತಗ್ಗಿಸುವುದು ಹೇಗಪ್ಪ?” ಎಂದರು ಗುರುಗಳು.