ಪದುಮಲೆಯ ನಾಲ್ಕು ತೋಳಿನ ಸೇತುವೆ

"ಕೇಳಿರಯ್ಯಾ ಕೇಳಿ! ಮೂರು ಒಗಟು ಬಿಡಿಸಿದವನು ರಾಜಕುಮಾರಿ ಪದುಮಲೆಯ ಕೈಹಿಡಿಯುವನು, ಅರ್ಧ ರಾಜ್ಯ ಆಳುವನು. ತಪ್ಪಿದವನಿಗೆ ಶೂಲ!" ಎಂದು ಸಿಡಿಲುಗಿರಿಯ ಬೀದಿಬೀದಿಯಲ್ಲಿ ಡಂಗುರ ಮೊಳಗಿತು.

ಜಲಪಾತದಿಂದ ವಿದ್ಯುತ್ತು ಹಿಡಿದು ಊರಿಗೆಲ್ಲ ದೀಪ ಹಚ್ಚುವ ರಾಜ್ಯ ಅದು. ಯಾವ ತಂತಿ ಆ ಹರಿವನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವುದರಲ್ಲೇ ಪದುಮಲೆ ಬೆಳೆದಿದ್ದಳು. ಗೊತ್ತಿಲ್ಲದ್ದನ್ನೂ ಗೊತ್ತೆನ್ನುವ ಗಂಡ ಬೇಡವೆಂದು ಒಗಟು ಕಟ್ಟಿದವಳು ಅವಳೇ. ಶೂಲವನ್ನು ಸೇರಿಸಿದವನು ಮಾತ್ರ ದೊರೆ ಬೊಮ್ಮರಸ.

"ಶೂಲ ಬೇಡ, ಅಪ್ಪಾಜಿ."

"ಡಂಗುರ ಸಾರಿಸಿಯಾಯಿತಲ್ಲ ಮಗಳೇ, ಇನ್ನೇನು ಮಾಡಲಿ?"

ಮೊದಲು ಒಬ್ಬ ರಾಜಕುಮಾರ ಬಂದ. ಪದುಮಲೆ ಕೇಳಿದಳು: "ನಾಲ್ಕು ತೋಳಿನ ಸೇತುವೆ. ನಡುದಾರಿಯಲ್ಲಿ ಯಾರೂ ಹಾಯದಿದ್ದಾಗಲೇ ಅದು ನಿಜ ನುಡಿಯುತ್ತದೆ. ಯಾವುದು?"

"ಶತ್ರುಗಳು ಕಡಿದ ಸೇತುವೆ!" ಎಂದ. ಸೆರೆಮನೆಗೆ ನಡೆದ.

ಆಮೇಲೆ ಬಂದ ವರ್ತಕನ ಮಗ ಆ ಒಗಟನ್ನು ಹೇಗೋ ದಾಟಿದ. ಪದುಮಲೆ ಎರಡನೆಯದನ್ನು ಕೇಳಿದಳು: "ನೋಡಲು ಮೊದಲಿನಂತೆಯೇ ಇದ್ದರೂ, ಮುಟ್ಟಿದೊಡನೆ ಹಾಯುವವನಿಗೆ ಕಷ್ಟ ಹೆಚ್ಚಿಸುವ ದಾರಿ ಯಾವುದು?"

"ಹೆಣ್ಣಿನ ಮನಸ್ಸು" ಎಂದು ಮೀಸೆ ತಿರುವಿದ. ಅವನೂ ಸೆರೆಯಾದ.

ನೆರೆರಾಜ್ಯದ ಅರಸ ಮೊದಲೆರಡನ್ನು ಬಿಡಿಸಿ ಮೂರನೆಯದಕ್ಕೆ ಬಂದ. ಪದುಮಲೆ ತಡೆ ಅಳೆಯುವ ಯಂತ್ರದ ಪಕ್ಕ ತಂತಿಯ ಸುರುಳಿಯೊಂದನ್ನು ಇಟ್ಟು, "ಇದರ ತಡೆ ಎಷ್ಟು? ಕೂದಲೆಳೆಯಷ್ಟೂ ತಪ್ಪಬಾರದು" ಎಂದಳು. ಅವನು ಯಂತ್ರದ ತಿರುಪು ತಿರುಗಿಸಿ, "ಸರಿಯಾಗಿ ಹತ್ತು ಓಮ್!" ಎಂದು ಎದೆಯುಬ್ಬಿಸಿದ. ಪದುಮಲೆ ತಲೆತಗ್ಗಿಸಿದಳು; ಅವನನ್ನೂ ಸೆರೆಮನೆಗೆ ಒಯ್ದರು. ಹುಣ್ಣಿಮೆಗೆ ಮೂವರಿಗೂ ಶೂಲವೆಂದು ಗೊತ್ತಾಗಿ ಅವಳಿಗೆ ಊಟ ಸೇರದಾಯಿತು.

ಆಮೇಲೆ ಬಂದವನು ಚೌಡಪ್ಪ, ನೇಯುವ ದೇವಾಂಗರ ಹುಡುಗ. ತಂತಿಗೆ ರೇಷ್ಮೆ ನೂಲು ಸುತ್ತುವುದು ಅವನ ಕಸುಬು.

"ಜೀವದ ಆಸೆಯಿಲ್ಲವೇನಯ್ಯಾ?" ಪದುಮಲೆ ಕೇಳಿದಳು.

"ಉಂಟು ದೊರೆಸಾನಿ. ನಾನು ಸುತ್ತಿದ ತಂತಿಯನ್ನು ನೀವು ಹೇಗೆ ಅಳೆಯುತ್ತೀರಿ ಎಂದು ನೋಡುವ ಆಸೆಯೂ ಉಂಟು."

ಮೊದಲೆರಡು ಒಗಟು ಕೇಳಿ ಅವನು ಮೆಲ್ಲಗೆ ಹೇಳಿದ: "ಸೇತುವೆಯೆಂದರೆ ಇಗೋ, ಈ ಯಂತ್ರವೇ. ಮೂರು ತೋಳುಗಳ ತಡೆ ಗೊತ್ತು, ನಾಲ್ಕನೆಯದು ಗೊತ್ತಿಲ್ಲ. ಎರಡು ಕಡೆಯೂ ಸಮತೂಗಿದರೆ ನಡುವೆ ಏನೂ ಹರಿಯದು, ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಆಗ ಮೂರರಿಂದ ನಾಲ್ಕನೆಯದು ಸಿಗುತ್ತದೆ. ಎರಡನೆಯ ಒಗಟಿನ ಉತ್ತರ ತಾಮ್ರದ ತಂತಿ. ಕೈಯ ಬಿಸಿ ತಾಗಿದರೂ ಅದರ ತಡೆ ಏರುತ್ತದೆ."

ಸುರುಳಿ ಕೊಟ್ಟಾಗ ಅವನು ಮುಟ್ಟಲಿಲ್ಲ. ಇಕ್ಕಳದಲ್ಲಿ ಹಿಡಿದು ಯಂತ್ರಕ್ಕೆ ಜೋಡಿಸಿ, ಕೊಟ್ಟವರ ಕೈಬಿಸಿ ತಣಿಯಲೆಂದು ಕೈಕಟ್ಟಿ ಕುಳಿತ. ದೊರೆ ಆಕಳಿಸಿದ. ಆಮೇಲೆ ಚೌಡಪ್ಪ ತಿರುಪು ತಿರುಗಿಸಿದ. ಮುಳ್ಳು ನಡುಗಿ ನಿಂತಿತು. ಸಮತೂಕ ಕೆಡಿಸಿ ಮತ್ತೆ ಅಳೆದ.

"ಹತ್ತು ಓಮ್‌ಗಿಂತ ತುಸು ಹೆಚ್ಚು. ಸಾವಿರಕ್ಕೆ ಒಂದು ಪಾಲು ಆಚೀಚೆ ಇರಬಹುದು. ಮುಳ್ಳು ನನ್ನ ಕಣ್ಣಿಗೆ ಕಾಣದಷ್ಟು ಅಲ್ಲಾಡುತ್ತಿದ್ದರೆ ನನಗೆ ಹೇಗೆ ತಿಳಿದೀತು? ಕೂದಲೆಳೆಯಷ್ಟೂ ತಪ್ಪದಂತೆ ಹೇಳಲಾರೆ."

"ಸೋತ! ಹಿಡಿಯಿರಿ!" ಎಂದ ದೊರೆ.

"ಬಿಡಿ ಅವನನ್ನು!" ಪದುಮಲೆ ಎದ್ದೇ ನಿಂತಳು. "ಅದೇ ಉತ್ತರ, ಅಪ್ಪಾಜಿ. ಎಷ್ಟೇ ನಾಜೂಕಾಗಿ ಅಳೆದರೂ ಒಂದಿಷ್ಟು ತಪ್ಪು ಉಳಿಯುತ್ತದೆ. ಅದೆಷ್ಟು ಎಂದು ಹೇಳಿದವನು ಇವನೊಬ್ಬನೇ."

ಬೊಮ್ಮರಸ ಅರ್ಧ ರಾಜ್ಯದ ಮುದ್ರೆಯುಂಗುರ ತೆಗೆದ. ಚೌಡಪ್ಪ ಕೈಮುಗಿದ. "ರಾಜ್ಯವನ್ನು ನೀವೇ ಆಳಿ, ಬುದ್ಧಿ. ಅದರ ಬದಲು ಒಳಗಿರುವ ಆ ಮೂವರನ್ನು ಬಿಟ್ಟುಬಿಡಿ."

ದೊರೆ ಒಡನೆ ಸೆರೆಮನೆಯ ಬೀಗ ತೆಗೆಸಿದ. ಶೂಲದ ಮಾತು ಅವನಿಗೂ ಹೊರೆಯಾಗಿತ್ತು.

ಪದುಮಲೆ, ಚೌಡಪ್ಪರ ಮದುವೆಯಲ್ಲಿ ಆ ಮೂವರನ್ನೂ ಮೊದಲ ಪಂಕ್ತಿಯಲ್ಲೇ ಕೂರಿಸಿದರು. ವರ್ತಕನ ಮಗನಿಗೆ ಹೋಳಿಗೆ ಬಡಿಸುತ್ತ ಮದುಮಗಳು, "ಇನ್ನೊಂದು?" ಎಂದಳು. ಅವನು ನಾಚಿ ನಕ್ಕು ಎಲೆ ಮುಂದೆ ಸರಿಸಿದ.